ತೋಡಿಯ ಗಾಂಧಾರವೂ ಶ್ರುತಿ ತಿದ್ದುವ ತಂತ್ರಾಂಶವೂ

ತೋಡಿ ರಾಗದ ಗಾಂಧಾರವನ್ನು ಕರ್ನಾಟಕ ಸಂಗೀತದಲ್ಲಿ ಯಾರೂ ಅಲುಗಾಡದಂತೆ ನಿಲ್ಲಿಸಿ ಹಾಡುವುದಿಲ್ಲ. ರಿಷಭದತ್ತ ಜಾರಿ, ಮಧ್ಯಮದತ್ತ ಏರಿ, ಆ ಓಲಾಟದಲ್ಲೇ ಅದು ತೋಡಿಯ ಗಾಂಧಾರವಾಗುತ್ತದೆ. ಈ ಹಾಡಿಕೆಯನ್ನು ಶ್ರುತಿ ತಿದ್ದುವ ತಂತ್ರಾಂಶದಲ್ಲಿ ಹಾಕಿ, ಹನ್ನೆರಡೂ ಸ್ವರಸ್ಥಾನಗಳನ್ನು ತೆರೆದಿಟ್ಟು ಬಿರುಸಾಗಿ ತಿದ್ದಲು ಬಿಟ್ಟರೆ, ಗಮಕ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ಯಾವ ತಂತ್ರಾಂಶ ಕೊಳ್ಳಬೇಕೆಂದು ಯೋಚಿಸುವ ನಮ್ಮ ಗಾಯಕರು ಮೊದಲು ನೋಡಬೇಕಾದ್ದು ಇದನ್ನೇ: ಯಾವುದು ಅಪಸ್ವರ ಎಂದು ಅಲ್ಲಿ ತೀರ್ಮಾನಿಸುವವರು ಯಾರು?

ಟೇಪಿನ ಕಾಲದಲ್ಲಿ ಆ ತೀರ್ಮಾನವೆಲ್ಲ ಕಿವಿಯದೇ. ಸ್ವರ ತಪ್ಪಿದ ಸಾಲನ್ನು ಮತ್ತೆ ಹಾಡಿಸಿ ಅದೇ ಜಾಗಕ್ಕೆ ಪಂಚ್ ಮಾಡುತ್ತಿದ್ದರು, ಇಲ್ಲವೇ ಹಲವು ಟೇಕುಗಳಿಂದ ಒಳ್ಳೆಯ ತುಣುಕುಗಳನ್ನು ಆಯ್ದು ಜೋಡಿಸುತ್ತಿದ್ದರು. ಟೇಪಿನ ವೇಗ ಹೆಚ್ಚಿಸಿದರೆ ಶ್ರುತಿ ಏರುತ್ತಿತ್ತು, ಜೊತೆಗೆ ಲಯವೂ ಓಡುತ್ತಿತ್ತು. 1970ರ ದಶಕದ ನಡುವಿನಲ್ಲಿ ಬಂದ ಅಮೆರಿಕದ ಈವೆಂಟೈಡ್ ಕಂಪನಿಯ ಎಚ್910 ಹಾರ್ಮನೈಸರ್ ಇವೆರಡನ್ನೂ ಬೇರ್ಪಡಿಸಿತು. ಆದರೂ ಎಷ್ಟು ಏರಿಸಬೇಕು, ಎಷ್ಟು ಇಳಿಸಬೇಕು ಎಂಬುದನ್ನು ಎಂಜಿನಿಯರೇ ಕೇಳಿ ಹೇಳಬೇಕಿತ್ತು.

ಆ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದವರು ಆಂಡಿ ಹಿಲ್ಡೆಬ್ರಾಂಡ್. ತೈಲ ಹುಡುಕಲು ನೆಲದಾಳಕ್ಕೆ ಕಳಿಸಿದ ಅಲೆಗಳ ಮರುದನಿಯನ್ನು ಗಣಿತದಿಂದ ಬಿಡಿಸುತ್ತಿದ್ದವರು ಅವರು. ಒಂದು ಅಲೆಯನ್ನು ತುಸು ಹಿಂದೆ ಸರಿಸಿದ ಅದರದೇ ಪ್ರತಿಯೊಂದಿಗೆ ಹೋಲಿಸಿದಾಗ ಎಷ್ಟು ಅಂತರದಲ್ಲಿ ಎರಡೂ ಮತ್ತೆ ಒಂದಕ್ಕೊಂದು ಕೂಡುತ್ತವೋ ಆ ಅಂತರದಿಂದ ಸ್ವರದ ಎತ್ತರ ತಿಳಿಯುತ್ತದೆ. ಈ ಲೆಕ್ಕವನ್ನು ಕಂಠಕ್ಕೆ ಅನ್ವಯಿಸಿ ಅವರ ಆಂಟಾರೆಸ್ ಕಂಪನಿ 1997ರಲ್ಲಿ ಆಟೋಟ್ಯೂನ್ ತಂದಿತು. ಅದರ ಜೀವಾಳವೇ ‘ರೀಟ್ಯೂನ್ ಸ್ಪೀಡ್’: ದನಿಯನ್ನು ಹತ್ತಿರದ ಸ್ವರಕ್ಕೆ ಎಷ್ಟು ಬೇಗ ಎಳೆಯಬೇಕು ಎಂಬ ಅಳತೆ. ನಿಧಾನವಾಗಿಟ್ಟರೆ ತಿದ್ದಿದ್ದು ತಿಳಿಯದು. ಅದನ್ನು ಸೊನ್ನೆಗೆ ಇಳಿಸಿದಾಗ, ಎಂದರೆ ತುಸುವೂ ತಡವಿಲ್ಲದೆ ಎಳೆದಾಗ, ಏನಾಗುತ್ತದೆಂದು 1998ರಲ್ಲಿ ಶೆರ್ ಹಾಡಿದ ‘ಬಿಲೀವ್’ ಲೋಕಕ್ಕೆಲ್ಲ ಕೇಳಿಸಿತು. ಅದನ್ನು ಮುದ್ರಿಸಿದವರು ಮೊದಲಿಗೆ ವೊಕೋಡರ್ ಎಂಬ ಬೇರೊಂದು ಉಪಕರಣ ಬಳಸಿದೆವೆಂದು ಹೇಳಿ ಗುಟ್ಟು ಕಾಯ್ದುಕೊಂಡಿದ್ದರು. ಮುಂದೆ ಗಾಯಕ ಟಿ-ಪೇನ್ ಅದನ್ನೇ ತನ್ನ ಶೈಲಿಯಾಗಿಸಿಕೊಂಡ.

ನನಗೆ ಇದಕ್ಕಿಂತ ದೊಡ್ಡ ತಿರುವಾಗಿ ಕಾಣುವುದು ಮ್ಯೂನಿಕ್‌ನಲ್ಲಿ ಪೀಟರ್ ನೊಯ್‌ಬೆಕರ್ ರೂಪಿಸಿದ ಮೆಲೋಡೈನ್. 2001ರಲ್ಲಿ ಬೆಳಕು ಕಂಡ ಇದು ಹಾಡಿನ ಒಂದೊಂದು ಸ್ವರವನ್ನೂ ತೆರೆಯ ಮೇಲೆ ಒಂದೊಂದು ಉಂಡೆಯಾಗಿ ಬಿಡಿಸಿಟ್ಟಿತು. ಉಂಡೆಯ ನಡುವೆ ಹಾಯುವ ಗೆರೆ ದನಿಯ ನಿಜವಾದ ಏರಿಳಿತ. ಸ್ವರವನ್ನು ಒಟ್ಟಾಗಿ ಮೇಲೆತ್ತುವುದು ಒಂದು ಕೆಲಸ, ದನಿ ಮೆಲ್ಲಗೆ ವಾಲುವುದನ್ನು ತಡೆಯುವುದು ಇನ್ನೊಂದು, ಕಂಪನವನ್ನು ತಗ್ಗಿಸುವುದು ಮತ್ತೊಂದು. ಮೂರಕ್ಕೂ ಬೇರೆ ಬೇರೆ ಉಪಕರಣಗಳಿವೆ. ಗಮಕವನ್ನು ಮುಟ್ಟದೆ, ಅದು ನಿಂತ ನೆಲೆಯನ್ನು ಮಾತ್ರ ಕೂದಲೆಳೆಯಷ್ಟು ಸರಿಸಬಹುದು! 2009ರಲ್ಲಿ ಬಂದ, ಮೆಲೋಡೈನ್‌ನದೇ ‘ಡಿಎನ್‌ಎ’ ಎಂಬ ತಂತ್ರದಿಂದ ಒಂದೇ ಟ್ರ್ಯಾಕಿನಲ್ಲಿ ಬೆರೆತ ಹಲವು ಸ್ವರಗಳನ್ನೂ ಬಿಡಿಸಲು ಸಾಧ್ಯವಾಯಿತು. ಒಂಟಿ ಕಂಠಕ್ಕೆ ಅದರ ಅಗತ್ಯ ಬೀಳುವುದಿಲ್ಲ.

ಆಮೇಲೆ ಶ್ರುತಿ ತಿದ್ದುವ ಈ ಸೌಲಭ್ಯ ಮುದ್ರಣದ ತಂತ್ರಾಂಶಗಳ ಒಳಗೇ ಸೇರಿತು: 2009ರಲ್ಲಿ ಕ್ಯೂಬೇಸ್‌ನ ವೇರಿಆಡಿಯೊ, 2013ರಲ್ಲಿ ಲಾಜಿಕ್‌ನ ಫ್ಲೆಕ್ಸ್ ಪಿಚ್. ರೀಪರ್‌ನಲ್ಲಿ ರಿಯಾಟ್ಯೂನ್ ಇದೆ. ಜಿಸ್ನ್ಯಾಪ್, ಎಂಆಟೋಪಿಚ್ ಉಚಿತವಾಗಿಯೇ ಸಿಗುತ್ತವೆ.

ಬಡಿತದ ಹಾಡಿಗೆ, ರ‍್ಯಾಪಿಗೆ, ವೇದಿಕೆಯಲ್ಲಿ ಹಾಡುತ್ತಲೇ ತಿದ್ದಿಸಿಕೊಳ್ಳಲು ಆಟೋಟ್ಯೂನ್ ಜಾತಿಯದು ಸರಿ. ಭಾವಗೀತೆ, ದೇವರನಾಮ, ಕೃತಿಗಳಿಗೆ ಗೆರೆ ಕಾಣಿಸಿ ಕೈಯಾರೆ ತಿದ್ದಲು ಬಿಡುವ ತಂತ್ರಾಂಶವೇ ಬೇಕು. ಮೆಲೋಡೈನ್ ಕೊಳ್ಳುವವರು ಅಗ್ಗದ ‘ಎಸೆನ್ಷಿಯಲ್’ ಆವೃತ್ತಿಯಲ್ಲಿ ಕಂಪನ ಮತ್ತು ವಾಲುವಿಕೆಯ ಉಪಕರಣಗಳಿಲ್ಲ ಎಂಬುದನ್ನು ಗಮನಿಸಬೇಕು. ಅವು ‘ಅಸಿಸ್ಟೆಂಟ್’ನಿಂದ ಶುರು. ಆಟೋಟ್ಯೂನ್‌ನ ಸ್ಕೇಲುಗಳ ಪಟ್ಟಿಯಲ್ಲಿ 22 ಸ್ವರಗಳ ‘ಇಂಡಿಯನ್’ ಎಂಬುದೂ ಬಂದಿತ್ತು. ಆದರೆ ಮೆಟ್ಟಿಲುಗಳನ್ನು ಹೆಚ್ಚಿಸಿದರೆ ಜಾರು ಸಿಗುವುದಿಲ್ಲ, ಗಮಕವಿರುವುದೇ ಆ ಜಾರಿನಲ್ಲಿ.

ಇನ್ನೊಂದು ಮಾತು. ತಂತ್ರಾಂಶ ತಾನಾಗಿ ಹಿಡಿಯುವ ಆಧಾರ 440 ಹರ್ಟ್ಸ್. ಕಿವಿಯಲ್ಲೇ ಶ್ರುತಿ ಮಾಡಿದ ತಂಬೂರಿ ಐದೂವರೆ ಮನೆಗಿಂತ ಇಪ್ಪತ್ತು ಸೆಂಟಿನಷ್ಟು ಕೆಳಗಿದ್ದರೆ, ಶ್ರುತಿಶುದ್ಧವಾಗಿ ಹಾಡಿದ ಷಡ್ಜವನ್ನೂ ಅದು ಮೇಲೆತ್ತಿ ತಂಬೂರಿಯಿಂದ ಬೇರ್ಪಡಿಸುತ್ತದೆ. ಮೊದಲು ತಂಬೂರಿಯ ಷಡ್ಜವನ್ನು ಅಳೆದು ಆಧಾರವನ್ನು ಅದಕ್ಕೆ ಹೊಂದಿಸಿ, ಆಮೇಲೆ ಕಂಠವನ್ನು ಮುಟ್ಟಿ.