ಶರತ್ಕಾಲದ ಗೆಡ್ಡೆ ನಾಟಿ

ಚಳಿಗಾಲ ಕಾಲಿಡುವ ಮುನ್ನ ಕೈತೋಟವನ್ನು ಹಸನು ಮಾಡಿ ಟ್ಯುಲಿಪ್, ಡ್ಯಾಫೊಡಿಲ್, ಕ್ರೋಕಸ್ ಮೊದಲಾದ ಹೂಗಿಡಗಳ ಗೆಡ್ಡೆಗಳನ್ನು ಮಣ್ಣಿಗಿಡುವ ಕೆಲಸ. ಬ್ರಿಟನ್, ನೆದರ್ಲೆಂಡ್ಸ್ ಮುಂತಾದ ಸಮಶೀತೋಷ್ಣ ದೇಶಗಳಲ್ಲಿ ಇದು ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ನಡೆಯುತ್ತದೆ. ಹೂ ಕಾಣುವುದು ಮುಂದಿನ ಫೆಬ್ರವರಿ–ಮೇ ನಡುವೆ.

ಅಕ್ಟೋಬರಿನಲ್ಲಿ ಟ್ಯುಲಿಪ್ ಗೆಡ್ಡೆಯೊಂದನ್ನು ಉದ್ದಕ್ಕೆ ಸೀಳಿ ನೋಡಬೇಕು. ಈರುಳ್ಳಿಯಂತೆ ಒಂದರೊಳಗೊಂದು ಕೂತ ಬಿಳಿ ಪದರಗಳ ನಡುವೆ ಎಳೆಯ ಎಲೆಗಳು, ಅವುಗಳ ಮಡಿಲಲ್ಲಿ ದಳ, ಕೇಸರಗಳೆಲ್ಲ ಆಗಲೇ ಮೂಡಿರುವ ಪುಟ್ಟ ಮೊಗ್ಗು. ಬೇಸಿಗೆಯ ಶಾಖದಲ್ಲೇ ಹೂ ಸಿದ್ಧವಾಗಿರುತ್ತದೆ. ಆದರೆ ಅದನ್ನು ಎತ್ತಿ ಹಿಡಿಯುವ ದಂಟು ಉದ್ದವಾಗಬೇಕಾದರೆ 12ರಿಂದ 16 ವಾರ ಸುಮಾರು 9 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಚಳಿ ಬೇಕೇ ಬೇಕು. ಇಲ್ಲವಾದರೆ ಮೊಗ್ಗು ಒಳಗೇ ಬತ್ತುತ್ತದೆ, ಇಲ್ಲವೆ ನೆಲಕ್ಕಂಟಿಕೊಂಡು ಮೋಟಾಗಿ ಅರಳುತ್ತದೆ. ಈ ಗುಣ ಬಂದದ್ದು ತವರಿನಿಂದ: ಕಾಡು ಟ್ಯುಲಿಪ್‌ಗಳು ಹೆಚ್ಚಾಗಿ ಕಾಣುವುದು ಮಧ್ಯ ಏಷ್ಯಾದ ತಿಯಾನ್ ಶಾನ್, ಪಾಮಿರ್ ಬೆಟ್ಟಗಳಲ್ಲಿ. ಅಲ್ಲಿ ಕಡುಚಳಿಗೂ ಒಣ ಬೇಸಿಗೆಗೂ ನಡುವಿನ ಅಲ್ಪ ಅವಧಿಯಲ್ಲೇ ಹೂಬಿಟ್ಟು ಬೀಜ ಕಟ್ಟಬೇಕು. ತುರ್ಕಿಯ ಮೂಲಕ 16ನೆಯ ಶತಮಾನದಲ್ಲಿ ಇವು ಯುರೋಪನ್ನು ಮುಟ್ಟಿದವು. 1593ರಲ್ಲಿ ಲೈಡನ್ ವಿಶ್ವವಿದ್ಯಾಲಯದ ಸಸ್ಯೋದ್ಯಾನಕ್ಕೆ ಬಂದ ಸಸ್ಯವಿಜ್ಞಾನಿ ಕರೋಲಸ್ ಕ್ಲೂಸಿಯಸ್ ನೆಡಿಸಿದ ಗೆಡ್ಡೆಗಳು ಮರುವರ್ಷ ಹೂಬಿಟ್ಟವು.

ಗೆಡ್ಡೆಯ ಎತ್ತರದ ಎರಡು-ಮೂರು ಪಟ್ಟು ಆಳಕ್ಕೆ, ಮೊನೆ ಮೇಲಾಗಿ ನೆಡುವುದು ವಾಡಿಕೆ: ಟ್ಯುಲಿಪ್‌ಗೆ 15–20 ಸೆಂ.ಮೀ., ಕ್ರೋಕಸ್‌ಗೆ 8–10. ಡ್ಯಾಫೊಡಿಲ್ ಬೇಗ ಬೇರು ಬಿಡುವುದರಿಂದ ಅದಕ್ಕೆ ಸೆಪ್ಟೆಂಬರ್ ಒಳ್ಳೆಯದು. ಟ್ಯುಲಿಪ್‌ಗೆ ಮಾತ್ರ ಆತುರ ಸಲ್ಲದು. ಮಣ್ಣು ತಣ್ಣಗಾದ ನವೆಂಬರಿನಲ್ಲಿ ನೆಟ್ಟರೆ ಎಲೆಗಳನ್ನು ಸುಟ್ಟಂತೆ ಕರಕಲು ಮಾಡುವ ಶಿಲೀಂಧ್ರ ರೋಗದ ಕಾಟ ಕಡಿಮೆ. ಅಳಿಲುಗಳು ಟ್ಯುಲಿಪ್ ಗೆಡ್ಡೆಯನ್ನು ಅಗೆದು ತಿನ್ನುತ್ತವೆ, ವಿಷವಿರುವ ಡ್ಯಾಫೊಡಿಲ್ ತಂಟೆಗೆ ಹೋಗುವುದಿಲ್ಲ. ಜಿಗುಟು ಮಣ್ಣಿಗೆ ಗರುಸು ಬೆರೆಸಬೇಕು. ಗೆಡ್ಡೆ ಚಳಿಗಿಂತ ಹೆಚ್ಚಾಗಿ ಕೊಳೆತು ಸಾಯುವುದು ನಿಂತ ನೀರಿನಿಂದ.

ನಾಟಿಗೆ ಮೊದಲಿನ ಶುಚಿ ಕಾರ್ಯದಲ್ಲಿ ವಿವೇಚನೆ ಬೇಕು. ಕಪ್ಪುಚುಕ್ಕೆ ರೋಗ ತಗುಲಿದ ಗುಲಾಬಿ ಎಲೆಗಳನ್ನು ಆಯ್ದು ತೆಗೆಯಲೇಬೇಕು. ಹುಲ್ಲುಹಾಸಿನ ಮೇಲಿನ ತರಗೆಲೆಗಳನ್ನು ಗುಡಿಸಿ ತಂತಿ ಬಲೆಯೊಳಗೆ ಒಟ್ಟಿದರೆ ಒಂದೆರಡು ವರ್ಷದಲ್ಲಿ ಒಳ್ಳೆಯ ಎಲೆಗೊಬ್ಬರವಾಗುತ್ತದೆ. ಮೊದಲ ಹಿಮಕ್ಕೆ ಡೇಲಿಯಾ ಎಲೆ ಕಪ್ಪಾದ ಮೇಲೆ ಗೆಡ್ಡೆ ಕಿತ್ತು, ಪೊಳ್ಳು ದಂಟಿನ ನೀರು ಇಳಿದುಹೋಗುವಂತೆ ತಲೆಕೆಳಗಾಗಿಟ್ಟು ಒಣಗಿಸುತ್ತಾರೆ. ಆದರೆ ಒಣಗಿದ ಗಿಡಗಳನ್ನೆಲ್ಲ ಬೋಳಿಸುವುದು ತಪ್ಪು. ಬೀಜ ತುಂಬಿದ ತೆನೆಗಳು ಹಕ್ಕಿಗಳಿಗೆ ಆಹಾರ, ಟೊಳ್ಳು ಕಾಂಡಗಳು ಕೀಟಗಳಿಗೆ ಚಳಿಗಾಲದ ಆಸರೆ.

ಭಾರತದಲ್ಲಿ ಇದೇ ಕ್ರಮವನ್ನು ಶ್ರೀನಗರದಲ್ಲಿ, ದಾಲ್ ಸರೋವರದ ಬಳಿಯ ಟ್ಯುಲಿಪ್ ತೋಟದಲ್ಲಿ ಕಾಣಬಹುದು. ಚಳಿಗೆ ಮುನ್ನ ನೆಟ್ಟದ್ದು ಮಾರ್ಚ್ ಕೊನೆಯಿಂದ ಏಪ್ರಿಲ್‌ವರೆಗೆ ಅರಳುತ್ತದೆ. ಬೆಂಗಳೂರಿನಲ್ಲಿ ಅಷ್ಟು ದೀರ್ಘ ಚಳಿ ಇಲ್ಲದ್ದರಿಂದ ಗೆಡ್ಡೆಗಳನ್ನು ಮೊದಲು ಫ್ರಿಜ್‌ನಲ್ಲಿ ತಣಿಸಿಯೇ ಕುಂಡಕ್ಕೆ ಹಾಕಬೇಕಾಗುತ್ತದೆ. ಆಗ ಪಕ್ಕದಲ್ಲಿ ಸೇಬು ಇಡಬಾರದು. ಹಣ್ಣಿನಿಂದ ಹೊಮ್ಮುವ ಎಥಿಲೀನ್ ಅನಿಲ ಗೆಡ್ಡೆಯೊಳಗಿನ ಮೊಗ್ಗನ್ನು ಕೊಲ್ಲುತ್ತದೆ.