ದೊತೊರ್ನ್: ಕಡಲ ದಾರಿಯಲ್ಲಿ ಬಂದ ಪಾಠ

ಭಟ್ಕಳದಿಂದ ಕುಮಟೆಯವರೆಗಿನ ಕರಾವಳಿಯ ಕೊಂಕಣಿ ಮಾತಿನ ಕಥೋಲಿಕ ಮನೆಗಳಲ್ಲಿ ಹಿರಿಯರ ಬಾಯಲ್ಲಿ ಉಳಿದಿರುವ ಪದವೊಂದಿದೆ: ದೊತೊರ್ನ್. ಭಾನುವಾರ ಇಗರ್ಜಿಯಲ್ಲಿ ಮೀಸ್ ಎಂಬ ಪೂಜೆ ಮುಗಿದ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಹೇಳಿಕೊಡುವ ಧರ್ಮದ ಪಾಠಕ್ಕೆ ಆ ಹೆಸರು. ದೊತೊರ್ನ್ ಬಾರದ ಮಗುವಿಗೆ ಮೊದಲ ಕುಮ್ಗಾರ್, ಅಂದರೆ ಪ್ರಥಮ ಪರಮಪ್ರಸಾದ, ಸಿಗುತ್ತಿರಲಿಲ್ಲ. ಮದುವೆ ಗೊತ್ತಾದ ಹುಡುಗ ಹುಡುಗಿಯರೂ ಪಾದ್ರಿಯ ಮುಂದೆ ನಿಂತು ದೊತೊರ್ನ್ ಒಪ್ಪಿಸಬೇಕಿದ್ದ ಕಾಲವಿತ್ತು. ಹತ್ತು ಕಟ್ಟಳೆ, ಏಳು ಸಂಸ್ಕಾರ, ನಿತ್ಯದ ಪ್ರಾರ್ಥನೆಗಳು, ಪ್ರಶ್ನೆಗೊಂದು ಉತ್ತರ, ಎಲ್ಲ ಬಾಯಿಪಾಠ.

ಇಂಗ್ಲಿಷಿನಲ್ಲಿ ಇದರ ಸೋದರಪದ ‘ಡಾಕ್ಟ್ರಿನ್’. ಕನ್ನಡದ ನಿಘಂಟುಗಳು ಅದಕ್ಕೆ ಸಿದ್ಧಾಂತ, ತತ್ತ್ವ, ಮತ ಎಂಬ ಭಾರವಾದ ಅರ್ಥಗಳನ್ನು ಕೊಡುತ್ತವೆ. ಪಂಡಿತರು ವಾದಕ್ಕೆ ಕೂರುವ ಮಾತು ಅದು. ದೊತೊರ್ನ್ ಹಾಗಲ್ಲ, ಏಳೆಂಟು ವರ್ಷದ ಮಕ್ಕಳ ಮಾತು. ಒಂದೇ ಬೇರಿನಿಂದ ಹೊರಟ ಎರಡು ಪದಗಳಲ್ಲಿ ಒಂದು ಅಟ್ಟ ಹತ್ತಿತು, ಇನ್ನೊಂದು ಅಂಗಳಕ್ಕೆ ಇಳಿಯಿತು. ಇಳಿದದ್ದರ ಕತೆ ನೋಡೋಣ.

ಬೇರು ಲ್ಯಾಟಿನ್ನಿನದು. ‘ದೊಕೆರೆ’ ಎಂದರೆ ಕಲಿಸು. ಅದರಿಂದ ‘ದೊಕ್ತ್ರಿನಾ’, ಕಲಿಸುವ ಕೆಲಸ, ಕಲಿಸಿದ ವಿಷಯ. ಇದೇ ಬೇರಿನ ‘ಡಾಕ್ಟರ್’ ಕೂಡ ಮೊದಲಿಗೆ ಕಲಿಸುವವನೇ. ಔಷಧಿ ಚೀಟಿ ಬರೆಯುವವನು ಆ ಹೆಸರು ಪಡೆದದ್ದು ಆಮೇಲೆ. ಪಿಎಚ್.ಡಿ. ಮಾಡಿದವರನ್ನು ಡಾಕ್ಟರ್ ಅನ್ನುವಾಗ ನಾವು ತಿಳಿಯದೆಯೇ ಹಳೆಯ ಅರ್ಥವನ್ನು ಬಳಸುತ್ತಿರುತ್ತೇವೆ. ‘ಡಾಕ್ಯುಮೆಂಟ್’ ಸಹ ಇದೇ ಮನೆತನದ್ದು: ತಿಳಿಸಿಕೊಡುವಂಥದ್ದು, ಅದಕ್ಕಾಗಿ ದಾಖಲೆ. ಗೋವಾದ ಕೊಂಕಣಿಯಲ್ಲಿ ವೈದ್ಯನಿಗೆ ‘ದೊತೊರ್’ ಎನ್ನುತ್ತಾರೆ. ದೊತೊರ್, ದೊತೊರ್ನ್, ನಡುವೆ ಒಂದೇ ಅಕ್ಷರದ ಅಂತರ.

ಪೋರ್ಚುಗೀಸರ ಬಾಯಲ್ಲಿ ದೊಕ್ತ್ರಿನಾ ‘ದೋತ್ರಿನ’ವಾಗಿತ್ತು. ಅದು ದೊತೊರ್ನ್ ಆದದ್ದು ಅಪಭ್ರಂಶದಿಂದ, ಉಚ್ಚಾರ ಬಾರದವರ ತಪ್ಪಿನಿಂದ ಎನ್ನುವವರಿದ್ದಾರೆ. ಆದರೆ ಈ ಬದಲಾವಣೆಗೆ ಕ್ರಮವಿದೆ. ಕೊಂಕಣಿಯ ನಾಲಗೆ ‘ರ’ಕಾರದ ಒತ್ತಕ್ಷರವನ್ನು ಬಿಡಿಸಿ, ರಕಾರವನ್ನು ಹಿಂದೆ ಮುಂದೆ ಸರಿಸಿ, ಕೊನೆಯ ಸ್ವರವನ್ನು ಆಗಾಗ ಬಿಟ್ಟುಬಿಡುತ್ತದೆ. ಪೋರ್ಚುಗೀಸಿನ ‘ಇಗ್ರೇಜ’ ಹೀಗೆಯೇ ‘ಇಗರ್ಜ್’ ಆಯಿತು, ಕನ್ನಡದಲ್ಲಿ ಇಗರ್ಜಿ. ‘ಕ್ರೂಸ್’ ಎಂಬ ಶಿಲುಬೆ ‘ಖುರಿಸ್’ ಆಯಿತು. ನಮ್ಮದೇ ಸಂಸ್ಕೃತದ ‘ಕೃಪಾ’ ಕೂಡ ಅದೇ ಗಾಣದಲ್ಲಿ ಸಿಕ್ಕಿ ‘ಕುರ್ಪಾ’ ಆಯಿತು. ಕನ್ನಡಿಗರಿಗೆ ಇದು ಹೊಸದೇನಲ್ಲ. ಗ್ರಹವನ್ನು ‘ಗರ’ ಮಾಡಿ, ಗ್ರಹಣವನ್ನು ‘ಗರಣ’ ಮಾಡಿಕೊಂಡವರು ನಾವು. ಹೊರಗಿನ ಪದ ಊರಿನ ಪದವಾಯಿತು ಎನ್ನಲು ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ.

ಪದ ಬಂದ ದಾರಿ ಅಷ್ಟು ಸೌಮ್ಯವಾಗಿರಲಿಲ್ಲ. 1542ರ ಮೇ ತಿಂಗಳಲ್ಲಿ ಪೋರ್ಚುಗೀಸ್ ಗವರ್ನರ್ ಮಾರ್ಟಿಮ್ ಅಫೋನ್ಸೊ ದ ಸೋಜನ ಜೊತೆಗೆ ಯೇಸುಸಭೆಯ ಪಾದ್ರಿ ಫ್ರಾನ್ಸಿಸ್ ಕ್ಸೇವಿಯರ್ ಗೋವಾಕ್ಕೆ ಬಂದಿಳಿದರು. ಕ್ಸೇವಿಯರ್ ಕೈಗಂಟೆ ಬಾರಿಸುತ್ತ ಗೋವಾದ ಬೀದಿಗಳಲ್ಲಿ ನಡೆದು ಮಕ್ಕಳನ್ನೂ ಆಳುಗಳನ್ನೂ ಪಾಠಕ್ಕೆ ಕರೆಯುತ್ತಿದ್ದರು. ಪಾಠವನ್ನು ರಾಗ ಹಾಕಿ ಹೇಳಿಸುತ್ತಿದ್ದರು. ಅದೇ ವರ್ಷ ಅದೇ ಗವರ್ನರ್ ಕಪ್ಪದ ಜಗಳ ತೆಗೆದು ಭಟ್ಕಳದ ಮೇಲೆ ಬಿದ್ದು ಊರನ್ನು ಸೂರೆಗೈದ. ಗಂಟೆಯೂ ಬೆಂಕಿಯೂ ಒಂದೇ ಪಯಣದಲ್ಲಿ ಬಂದವು. ಈ ಕರಾವಳಿಯಲ್ಲಿ ದೊತೊರ್ನಿನ ಇತಿಹಾಸ ಹೇಳುವವರು ಇದನ್ನು ಬಿಟ್ಟು ಹೇಳಿದರೆ ಅರ್ಧ ಹೇಳಿದಂತೆ.

ಬಾಯಿಪಾಠ ಬೇಗ ಅಚ್ಚಿಗೆ ಬಂತು. ಗೋವಾದಲ್ಲಿ ಮುದ್ರಣಯಂತ್ರ ನೆಲೆಯೂರಿದ್ದು 1556ರಲ್ಲಿ. ಮರುವರ್ಷವೇ ಕ್ಸೇವಿಯರರ ‘ದೋತ್ರಿನ’ ಅಲ್ಲಿ ಅಚ್ಚಾಯಿತು. 1578ರಲ್ಲಿ ಕೊಲ್ಲಂನಲ್ಲಿ ತಮಿಳಿನ ‘ತಂಬಿರಾನ್ ವಣಕ್ಕಂ’ ಬಂತು. ಭಾರತೀಯ ಲಿಪಿಯೊಂದರಲ್ಲಿ ಅಚ್ಚಾದ ಆ ಪುಟ್ಟ ಪುಸ್ತಕವೂ ದೋತ್ರಿನವೇ. ನಮ್ಮ ನಾಡಿನ ಅಚ್ಚುಮೊಳೆಗಳು ಮೊದಲು ಕಲಿತ ಪಾಠಗಳಲ್ಲಿ ಇದೂ ಒಂದು.

ಕೊಂಕಣಿಯ ಸರದಿ ಬಂದದ್ದು ಥಾಮಸ್ ಸ್ಟೀಫನ್ಸ್ ಎಂಬ ಇಂಗ್ಲಿಷ್ ಯೇಸುಸಭೆಯ ಪಾದ್ರಿಯಿಂದ. 1579ರಲ್ಲಿ ಗೋವಾಕ್ಕೆ ಬಂದು ಸಾಯುವವರೆಗೂ ಇಲ್ಲೇ ಇದ್ದ ಆತ ಓವಿ ಛಂದಸ್ಸಿನಲ್ಲಿ ಮರಾಠಿಯ ‘ಕ್ರಿಸ್ತಪುರಾಣ’ ಬರೆದವನು. ಸ್ವರ್ಗವನ್ನು ವೈಕುಂಠ ಎಂದು ಕರೆಯಲು ಅಂಜದವನು. ಅವನ ಕೊಂಕಣಿ ದೋತ್ರಿನ ಅಚ್ಚಾದದ್ದು ಅವನು ಸತ್ತ ಮೇಲೆ, 1622ರಲ್ಲಿ, ರಾಚೋಲಿನಲ್ಲಿ. ಕೊಂಕಣಿಯಲ್ಲಿ ಅಚ್ಚಾದ ಮೊದಲ ಪುಸ್ತಕವೆಂದು ಅದನ್ನು ಎಣಿಸುತ್ತಾರೆ. ಅದರ ಹೆಸರಿನಲ್ಲಿ ಭಾಷೆಯನ್ನು ‘ಬ್ರಾಮಣ ಕನಾರಿಂ’ ಎಂದು ಕರೆದಿದೆ. ಕೆನರಾ ಎಂಬ ನಮ್ಮ ನಾಡಿನ ಹೆಸರನ್ನು ಪೋರ್ಚುಗೀಸರು ಕೊಂಕಣಿಗೂ ಅಂಟಿಸಿದ್ದರು. ಪುಸ್ತಕದ ಮೂಲ ಮಾದರಿ ಪೋರ್ಚುಗಲ್ಲಿನ ಮಾರ್ಕೋಸ್ ಜೋರ್ಜ್ ಬರೆದದ್ದು. ಗುರು ಕೇಳುವುದು, ಶಿಷ್ಯ ಹೇಳುವುದು ಅದರ ಕಟ್ಟು. ಪ್ರಶ್ನೆ ಚಿಕ್ಕದು, ಉತ್ತರ ಚೊಕ್ಕದು, ಒಂದೇ ಉಸಿರಿನಲ್ಲಿ ಹೇಳಿ ಮುಗಿಯುವಂಥದ್ದು. ಅಕ್ಷರ ಬಾರದವರಿಗೂ ಅದು ಎಟುಕಿತು.

ದೊತೊರ್ನ್ ಕಲಿತ ಹಳೆಯ ತಲೆಮಾರಿನ ಬಾಯಲ್ಲಿರುವ ಪದಗಳನ್ನು ಎರಡು ರಾಶಿ ಮಾಡಿ ನೋಡಿ. ಒಂದು ರಾಶಿಯಲ್ಲಿ ಇಗರ್ಜ್, ಪಾದ್ರಿ, ವಿಗಾರ್ ಎಂಬ ಮುಖ್ಯ ಪಾದ್ರಿ, ಮೀಸ್, ಶೆರ್ಮಾಂವ್ ಎಂಬ ಪ್ರವಚನ, ಕುಮ್ಸಾರ್ ಎಂಬ ಪಾಪನಿವೇದನೆ, ಕುಮ್ಗಾರ್, ತೆರ್ಸ್ ಎಂಬ ಜಪಮಾಲೆ, ಫೆಸ್ತ್ ಎಂಬ ಹಬ್ಬ. ಎಲ್ಲವೂ ಪೋರ್ಚುಗೀಸಿನಿಂದ ಬಂದವು. ಇನ್ನೊಂದು ರಾಶಿಯಲ್ಲಿ ದೇವ್, ಸರ್ಗ್, ಪಾತಕ್, ಪ್ರಾಚಿತ್, ಕುರ್ಪಾ, ಅತ್ಮೊ, ಭಾವಾರ್ಥ್. ಇವು ನೆಲದವು: ಸ್ವರ್ಗ, ಪಾತಕ, ಪ್ರಾಯಶ್ಚಿತ್ತ, ಕೃಪೆ, ಆತ್ಮ, ಭಾವಾರ್ಥ. ಕಟ್ಟಡ, ಹುದ್ದೆ, ವಿಧಿಗಳ ಹೆಸರು ಹಡಗಿನಲ್ಲಿ ಬಂದವು. ಒಳಗೆ ನಡೆಯುವುದಕ್ಕೆ, ಅಂಜಿಕೆಗೆ, ನಂಬಿಕೆಗೆ, ಕ್ಷಮೆಗೆ ಮಾತು ಇಲ್ಲಿಯದೇ ಆಯಿತು.

‘ಭಾವಾರ್ಥ್’ ಈ ಎರಡನೆಯ ರಾಶಿಯ ಮಾಣಿಕ್ಯ. ಕನ್ನಡದ ಶಾಲೆಯಲ್ಲಿ ಭಾವಾರ್ಥ ಎಂದರೆ ಪದ್ಯದ ತಾತ್ಪರ್ಯ, ಪರೀಕ್ಷೆಯಲ್ಲಿ ಬರೆಯುವಂಥದ್ದು. ಕೊಂಕಣಿ ಕ್ರೈಸ್ತರಿಗೆ ಅದು ವಿಶ್ವಾಸ, ಶ್ರದ್ಧೆ. ಮಾತಿನ ಹಿಂದಿರುವ ಭಾವವನ್ನು ಹಿಡಿದವನೇ ನಂಬುವವನು ಎಂಬ ತಿಳಿವಳಿಕೆ ಈ ಒಂದು ಪದದಲ್ಲಿ ಅಡಗಿದೆ. ನರಕದ ಮಾತು ಬಂದಾಗ ‘ಯೆಮ್ಕೊಂಡ್’, ಅಂದರೆ ಯಮಕುಂಡ. ಯಮನನ್ನು ಒಪ್ಪದ ಧರ್ಮ ಯಮನ ಕುಂಡವನ್ನು ಇಟ್ಟುಕೊಂಡಿತು, ಏಕೆಂದರೆ ಕೇಳಿದ ಕೂಡಲೇ ಮೈ ಜುಮ್ಮೆನ್ನಬೇಕಾದ ಪದ ಅದು. ಆದರೆ ಸ್ವರ್ಗಕ್ಕೂ ನರಕಕ್ಕೂ ನಡುವೆ ಆತ್ಮಗಳು ಶುದ್ಧವಾಗಲು ಕಾಯುವ ತಾಣಕ್ಕೆ ಇಲ್ಲಿ ಸಿದ್ಧ ಪದ ಇರಲಿಲ್ಲ. ಹಾಗಾಗಿ ‘ಪುರ್ಗತೊರ್’ ಹಾಗೆಯೇ ಉಳಿಯಿತು. ಯಾವುದನ್ನು ಎರವಲು ತರಬೇಕು, ಯಾವುದನ್ನು ಮನೆಯಿಂದ ತೆಗೆಯಬೇಕು ಎಂಬ ಲೆಕ್ಕ ಈ ಪದಗಳಲ್ಲಿ ಸ್ಪಷ್ಟವಾಗಿದೆ.

ಗೋವಾದಿಂದ ದಕ್ಷಿಣಕ್ಕೆ ಬಂದು ನೆಲೆಸಿದವರ ಜೊತೆಗೆ ದೊತೊರ್ನ್ ನಮ್ಮ ಕಡೆಗೆ ಬಂತು. 1678ರ ಒಪ್ಪಂದದಲ್ಲಿ ಕೆಳದಿಯ ಅರಸರು ಮಿರ್ಜಾನ, ಚಂದಾವರ, ಭಟ್ಕಳ, ಕಲ್ಯಾಣಪುರಗಳಲ್ಲಿ ಇಗರ್ಜಿ ಕಟ್ಟಲು ಒಪ್ಪಿಗೆ ಕೊಟ್ಟರು. 1681ರಲ್ಲಿ ಗೋವಾದ ಪಾದ್ರಿ ಜುಜೆ ವಾಜ್ ಕೆನರಾಕ್ಕೆ ಬಂದಾಗ ಪೋರ್ಚುಗೀಸ್ ಅಧಿಕಾರದ ಪಾದ್ರಿಗಳಿಗೂ ರೋಮಿನಿಂದ ನೇಮಕವಾದ ಬಿಷಪರಿಗೂ ಜಟಾಪಟಿ ನಡೆದಿತ್ತು. ಯಾರ ಮಾತು ಸಿಂಧು ಎಂದು ತಿಳಿಯದೆ ಜನ ಕಂಗಾಲಾಗಿದ್ದರು. ವಾಜ್ ಬರಿಗಾಲಲ್ಲಿ ಊರೂರು ನಡೆದು ಪಾಠ ಹೇಳಿದರು. ಆಮೇಲೆ ಸಿಂಹಳಕ್ಕೆ ಹೋದ ಅವರನ್ನು 2015ರಲ್ಲಿ ಕೊಲಂಬೊದಲ್ಲಿ ಸಂತರೆಂದು ಘೋಷಿಸಲಾಯಿತು. 1784ರಲ್ಲಿ ಟಿಪ್ಪು ಸುಲ್ತಾನ ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ. ಇಗರ್ಜಿಗಳು ನೆಲಸಮವಾದವು, ಪಾದ್ರಿಗಳನ್ನು ಗಡೀಪಾರು ಮಾಡಲಾಯಿತು. 1799ರ ನಂತರ ಅಳಿದುಳಿದವರು ಮರಳಿದಾಗ ಕಟ್ಟಡವಿರಲಿಲ್ಲ. ಬಾಯಲ್ಲಿದ್ದುದು ಮಾತ್ರ ಬಂತು. ಬಾಯಿಪಾಠವನ್ನು ಗಿಳಿಪಾಠ ಎಂದು ಹಳಿಯುವಾಗ ಈ ಹದಿನೈದು ವರ್ಷಗಳನ್ನೂ ನೆನೆಯಬೇಕು.

ಘಟ್ಟದ ಮೇಲೆ ಕನ್ನಡದ್ದು ಬೇರೆ ದಾರಿ. ಹದಿನೇಳನೆಯ ಶತಮಾನದ ನಡುವೆ ಮೈಸೂರು ಸೀಮೆಗೆ ಬಂದ ಇಟಲಿಯ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಕನ್ನಡ ಕಲಿತು ಕನ್ನಡದಲ್ಲೇ ಧರ್ಮಪಾಠ ಬರೆದ. ಕನ್ನಡ ಕ್ರೈಸ್ತರು ಆರಿಸಿಕೊಂಡ ಮಾತು ‘ಉಪದೇಶ’. ಕಥೋಲಿಕರಲ್ಲಿ ಧರ್ಮೋಪದೇಶ, ಜ್ಞಾನೋಪದೇಶ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನಲ್ಲಿ ಊರೂರು ಸುತ್ತಿ ಪಾಠ ಹೇಳುವವನು ‘ಉಪದೇಶಿ’. ಗುರು ಕಿವಿಯಲ್ಲಿ ಮಂತ್ರೋಪದೇಶ ಮಾಡುವ ನಾಡಿನಲ್ಲಿ ಇದು ಗೌರವದ ಪದ. ಆದರೆ ಆಡುಮಾತು ಅದಕ್ಕೆ ಇನ್ನೊಂದು ಮುಖ ಕೊಟ್ಟಿದೆ. ‘ನನಗೇನೂ ಉಪದೇಶ ಮಾಡಬೇಡ’ ಎಂದರೆ ಸಾಕು ಬಾಯಿ ಮುಚ್ಚು ಎಂದರ್ಥ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆಯನ್ನು ಹೆತ್ತ ಜನ ನಾವು. ಆದ್ದರಿಂದಲೇ ಇರಬೇಕು, ಬಾಸೆಲ್ ಮಿಶನ್ನಿನ ಫರ್ಡಿನೆಂಡ್ ಕಿಟೆಲ್ ಬರೀ ಉಪದೇಶಕ್ಕೆ ನಿಲ್ಲದೆ ಕ್ರಿಸ್ತನ ಕತೆಯನ್ನು ಕನ್ನಡದ ಛಂದಸ್ಸಿಗೆ ಇಳಿಸಿ ‘ಕಥಾಮಾಲೆ’ ಬರೆದದ್ದು. 1883ರಲ್ಲಿ ಯೇಸುಸಭೆಯ ಮಾಫೆಯಿ ಪಾದ್ರಿಯ ಇಂಗ್ಲಿಷ್–ಕೊಂಕಣಿ ನಿಘಂಟು ಅಚ್ಚಾದದ್ದು ಪ್ರೊಟೆಸ್ಟೆಂಟರ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ. ಸಿದ್ಧಾಂತದಲ್ಲಿ ಕೂಡಿ ಬಾರದವರು ಪದಗಳ ವಿಷಯದಲ್ಲಿ ಕೂಡಿದ್ದರು.

ಹೀಗೆ ದೊಡ್ಡ ಮಾತನ್ನು ಮನೆಮಾತಿಗೆ ಇಳಿಸಿದ್ದು ಕ್ರೈಸ್ತರಷ್ಟೇ ಅಲ್ಲ. ಭಟ್ಕಳಕ್ಕೆ ತಾಗಿರುವ ಜಾಲಿಯ ನವಾಯತರ ನವಾಯತಿಯೂ ಕೊಂಕಣಿಯ ಬಳಗದ ಮಾತು. ಅರಬ್ಬಿಯ ‘ಸಲಾತ್’ ಅವರ ಆಡುಮಾತಿನಲ್ಲಿ ‘ನಮಾಜ್’; ‘ಸೌಮ್’ ಎಂಬ ಉಪವಾಸ ‘ರೋಜಾ’. ಎರಡೂ ಫಾರಸಿ ಪದಗಳು, ಅರಬ್ಬಿಗೂ ಜನರಿಗೂ ನಡುವೆ ನಿಂತು ದಾಟಿಸಿದವು. ಜಟ್ಟಪ್ಪ ನಾಯಕನ ಬಸದಿ ಇರುವ ಭಟ್ಕಳದಲ್ಲಿ ಇನ್ನೂ ಹಳೆಯದೊಂದು ಪದವಿದೆ. ಜೈನ ಗೃಹಸ್ಥನಿಗೆ ‘ಶ್ರಾವಕ’ ಎಂದು ಹೆಸರು, ಕೇಳುವವನು ಎಂದರ್ಥ. ದೊತೊರ್ನಿನ ಬದಲಿಗೆ ಈಗ ಬಂದಿರುವ ‘ಕ್ಯಾಟಕಿಸಂ’ ಗ್ರೀಕ್ ಮೂಲದ್ದು. ಕಿವಿಯಲ್ಲಿ ಮೊಳಗುವಂತೆ ಹೇಳು ಎಂಬುದು ಅದರ ಮೂಲಾರ್ಥ. ಎಲ್ಲ ದಾರಿಗಳೂ ಕಿವಿಗೇ ಬಂದು ಸೇರುತ್ತವೆ.

1962ರಿಂದ 65ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ ಪೂಜೆಯನ್ನು ಲ್ಯಾಟಿನ್ನಿನಿಂದ ಜನರ ಮಾತಿಗೆ ಬಿಟ್ಟುಕೊಟ್ಟಿತು. 1976ರಲ್ಲಿ ಕಾರವಾರ ಧರ್ಮಪ್ರಾಂತ್ಯ ಹುಟ್ಟಿತು. ಭಟ್ಕಳ, ಹೊನ್ನಾವರ, ಕುಮಟೆಯ ಇಗರ್ಜಿಗಳು ಅದರಡಿ ಬಂದವು. ಕೊಂಕಣಿಯೂ ಕನ್ನಡವೂ ಪೂಜೆಯ ಭಾಷೆಗಳಾದವು. ‘ಸ್ಪಿರಿತಾ ಸಾಂತ್’ ಹೋಗಿ ‘ಪವಿತ್ರ್ ಅತ್ಮೊ’ ಬಂತು. ಎರವಲಿನ ರಾಶಿಯಿಂದ ಒಂದೊಂದೇ ಪದ ನೆಲದ ರಾಶಿಗೆ ಸರಿಯಿತು. ಒಳ್ಳೆಯದೇ ಆಯಿತು. ಆದರೆ ದೊತೊರ್ನ್ ಮಾತ್ರ ತಿರುಗುಮುರುಗಾಗಿ, ನಾಲ್ಕು ಶತಮಾನ ನೆಲದಲ್ಲಿ ಬೆಳೆದ ಪದ ಹೋಗಿ ಅದರ ಜಾಗಕ್ಕೆ ಇಂಗ್ಲಿಷಿನ ಕ್ಯಾಟಕಿಸಂ ಬಂತು. ಬಣ್ಣದ ಪುಸ್ತಕ, ತರಗತಿ, ಪರೀಕ್ಷೆ, ಅಂಕಪಟ್ಟಿ ಎಲ್ಲ ಇದೆ. ಮನೆಯಲ್ಲಿ ಅಜ್ಜಿ ಆಮೊರಿಯ ಹೊತ್ತಿಗೆ, ಸಂಜೆಯ ಪ್ರಾರ್ಥನೆಯ ಜೊತೆ, ಹೇಳಿಕೊಡುತ್ತಿದ್ದ ಭಾಗ ಅದರಲ್ಲಿಲ್ಲ.

ಹಳೆಯ ದೊತೊರ್ನಿಗೂ ದೋಷವಿತ್ತು. ಅರ್ಥ ಕೇಳಿದರೆ ಗದರಿಕೆ ಸಿಗುತ್ತಿತ್ತು. ಉತ್ತರದಲ್ಲಿ ಒಂದು ಪದ ತಪ್ಪಿದರೆ ಮತ್ತೆ ಮೊದಲಿನಿಂದ. ಅದನ್ನು ಹಾಗೆಯೇ ಮರಳಿ ತನ್ನಿ ಎಂದು ಯಾರೂ ಹೇಳಲಾರರು. ಆದರೆ ಅದನ್ನು ಕಟ್ಟಿದವರಿಗೆ ಒಂದು ವಿಷಯ ತಿಳಿದಿತ್ತು: ನಂಬಿಕೆಯ ಮಾತು ಅಡುಗೆಮನೆಯ ಮಾತಿನಲ್ಲಿ ಇಲ್ಲದಿದ್ದರೆ ಅದು ಇಗರ್ಜಿಯ ಬಾಗಿಲು ದಾಟುವುದಿಲ್ಲ. ಭಾವಾರ್ಥ್, ಕುರ್ಪಾ, ಯೆಮ್ಕೊಂಡ್ ಎಂಬ ಪದಗಳನ್ನು ಆರಿಸಿದ್ದು ಆ ತಿಳಿವಳಿಕೆಯೇ.

ಭಾನುವಾರದ ಪಾಠ ಹೇಳುವವರಿಗೆ ಒಂದು ಕೋರಿಕೆ. ಪುಸ್ತಕದ ಉತ್ತರ ಒಪ್ಪಿಸಿದ ಮಗುವಿಗೆ, ಅದನ್ನೇ ನಿನ್ನ ಮನೆಯ ಮಾತಿನಲ್ಲಿ ಹೇಳು ಎಂದು ಕೇಳಿ. ಹೇಳಲು ಬಂದರೆ ಪಾಠ ಮುಟ್ಟಿದೆ. ಮನೆಯವರಿಗೂ ಒಂದು ಮಾತು: ಅಟ್ಟದ ಪೆಟ್ಟಿಗೆಯಲ್ಲಿ ಕನ್ನಡ ಲಿಪಿಯ ಹಳೆಯ ಕೊಂಕಣಿ ದೊತೊರ್ನ್ ಪುಸ್ತಕವಿದ್ದರೆ ರದ್ದಿಗೆ ಹಾಕಬೇಡಿ. ಈ ಕರಾವಳಿಯ ಕ್ರೈಸ್ತರು ದೇವರ ಬಗ್ಗೆ ಯಾವ ಮಾತಿನಲ್ಲಿ ಯೋಚಿಸಿದರು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ದಾಖಲೆ ಇಲ್ಲ.