ಕಾಯಕದ ಹಗಲು, ಕಲೆಯ ಇರುಳು: ಜಮಖಂಡಿ–ಮುಧೋಳ ಸೀಮೆಯ ದುಡಿಮೆಗಾರ ಕಲಾವಿದರು

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ಆಸರೆಯಲ್ಲಿರುವ ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ–ಬನಹಟ್ಟಿ ಪರಿಸರವು ನೇಕಾರಿಕೆ ಮತ್ತು ಒಕ್ಕಲುತನಗಳಿಗೆ ಹೆಸರಾದಂತೆ ಶ್ರೀಕೃಷ್ಣಪಾರಿಜಾತ, ಸಣ್ಣಾಟ, ಲಾವಣಿ, ಭಜನೆಗಳಿಗೂ ಹೆಸರಾದುದು. ಈ ಕಲೆಗಳ ಪಠ್ಯ, ಮಟ್ಟು, ವೇಷಭೂಷಣಗಳನ್ನು ಕುರಿತು ಸಾಕಷ್ಟು ಚರ್ಚೆ ನಡೆದಿದೆ. ಆದರೆ ಹಗಲಿಡೀ ಮಗ್ಗದಲ್ಲೋ ಹೊಲದಲ್ಲೋ ದುಡಿಯುವ ವ್ಯಕ್ತಿಯು ಕಲೆಗೆ ಬೇಕಾದ ವೇಳೆಯನ್ನು ಎಲ್ಲಿಂದ ಪಡೆದನೆಂಬ ಪ್ರಶ್ನೆ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ದುಡಿಮೆ ಮತ್ತು ಕಲೆಗಳ ಸಮತೋಲನವು ಇಲ್ಲಿ ಕಲಾವಿದನೊಬ್ಬನ ಸ್ವಂತ ಸಾಹಸವಾಗಿರದೆ, ಇಡೀ ಸಮುದಾಯವು ಕಾಪಾಡಿಕೊಂಡು ಬಂದ ಕಾಲವ್ಯವಸ್ಥೆಯ ಫಲವಾಗಿತ್ತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ನೆಲದ ಅತ್ಯಂತ ಪ್ರಸಿದ್ಧ ಕವಿ ರನ್ನ. ಮುದುವೊಳಲು, ಅಂದರೆ ಇಂದಿನ ಮುಧೋಳದ ಬಳೆಗಾರ ಕುಲದಲ್ಲಿ ಹುಟ್ಟಿದ ಈತ ಕುಲವೃತ್ತಿಯನ್ನು ಬಿಟ್ಟು ವಿದ್ಯೆಯನ್ನರಸಿ ಹೊರಟನು. ಚಾವುಂಡರಾಯ, ಅತ್ತಿಮಬ್ಬೆಯರ ಆಶ್ರಯವನ್ನೂ ಚಾಲುಕ್ಯರ ಮನ್ನಣೆಯನ್ನೂ ಪಡೆದನು. 993ರಲ್ಲಿ ‘ಅಜಿತಪುರಾಣ’ವನ್ನು ರಚಿಸಿದನು. ವೃತ್ತಿಯ ಹೊರೆಯನ್ನು ಆಶ್ರಯದಾತರು ಇಳಿಸಿದಾಗ ಕಾವ್ಯಕ್ಕೆ ಪೂರ್ಣಾವಧಿ ದೊರೆಯುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ. ಜನಪದ ಕಲಾವಿದನ ದಾರಿ ಇದಕ್ಕಿಂತ ಬೇರೆ. ಆತನಿಗೆ ಅತ್ತಿಮಬ್ಬೆ ದೊರೆಯಲಿಲ್ಲ. ಬಳೆಯ ಮಲಾರವನ್ನು ಕೆಳಗಿಳಿಸದೆಯೇ ಆತ ಹಾಡಬೇಕಾಯಿತು.

ಶ್ರೀಕೃಷ್ಣಪಾರಿಜಾತದ ಚರಿತ್ರೆ ಇದನ್ನು ಸ್ಪಷ್ಟಪಡಿಸುತ್ತದೆ. ಅಪರಾಳ ತಮ್ಮಣ್ಣನ ಕೃತಿಗೆ ಕುಲಗೋಡ ತಮ್ಮಣ್ಣನು ಆಟದ ರೂಪ ಕೊಟ್ಟನೆಂಬುದು ಪ್ರಚಲಿತ ಅಭಿಪ್ರಾಯ. ಕೌಜಲಗಿ ನಿಂಗಮ್ಮನಂತಹ ಹೆಸರಾಂತ ಕಲಾವಿದೆ ಇದಕ್ಕೆ ನಾಡಿನಾದ್ಯಂತ ಕೀರ್ತಿ ತಂದಳು. ಆದರೆ ಇಂತಹ ವೃತ್ತಿಪರರ ಹಿಂದೆ, ಊರೂರಿನಲ್ಲಿ ಭಾಗವತ, ದೂತಿ, ಸತ್ಯಭಾಮೆ, ರುಕ್ಮಿಣಿ, ಕೊರವಂಜಿಯ ಪಾತ್ರ ವಹಿಸಿ, ಬೆಳಗಾಗುತ್ತಲೇ ಬಣ್ಣ ತೊಳೆದು ಕೆಲಸಕ್ಕೆ ಮರಳುತ್ತಿದ್ದ ಅಸಂಖ್ಯ ಕಲಾವಿದರಿದ್ದರು. 1948ರಲ್ಲಿ ವಿಲೀನವಾಗುವವರೆಗೆ ಜಮಖಂಡಿಯು ಪಟವರ್ಧನರ, ಮುಧೋಳವು ಘೋರ್ಪಡೆಯವರ ಸಂಸ್ಥಾನವಾಗಿದ್ದವು. ಸಂಸ್ಥಾನದ ಗಡಿಗಳು ಏನೇ ಇದ್ದರೂ ಆಟದ ಗಡಿಗಳು ಜಾತ್ರೆ ಮತ್ತು ಸಂತೆಗಳನ್ನು ಅನುಸರಿಸಿದವು. ಅರಮನೆಯ ಸಂಬಳವನ್ನು ನೆಚ್ಚಿ ಬೆಳೆದ ಕಲೆ ಇದಲ್ಲ.

ಹಾಗಾದರೆ ವೇಳೆ ಎಲ್ಲಿಂದ ಬಂದಿತು? ಮೊದಲು ನೇಕಾರನನ್ನು ಗಮನಿಸಬಹುದು. ಕೈಮಗ್ಗ ಆತನ ಮನೆಯೊಳಗೇ ಇತ್ತು. ಕೂಲಿಯನ್ನು ದಿನದ ಲೆಕ್ಕದಲ್ಲಿ ಅಲ್ಲ, ನೇಯ್ದ ಸೀರೆಯ ಲೆಕ್ಕದಲ್ಲಿ ಕೊಡಲಾಗುತ್ತಿತ್ತು. ಆಟದ ಮರುದಿನ ತಡವಾಗಿ ಕುಣಿಗೆ ಇಳಿದರೂ ಕೇಳುವವರಿರಲಿಲ್ಲ. ಕಾಲು ತುಳಿಯುವ ಲಯಕ್ಕೆ, ಲಾಳಿ ಓಡುವ ಗತಿಗೆ ಹೊಂದಿಕೊಂಡು ಪಾತ್ರದ ಹಾಡನ್ನು ಮನನ ಮಾಡಲು ಅವಕಾಶವಿತ್ತು. ಆದರೆ ಈ ಸ್ವಾತಂತ್ರ್ಯಕ್ಕೆ ಬೆಲೆಯೂ ಇತ್ತು. ಸಾಹುಕಾರನಿಂದ ಮುಂಗಡ ಪಡೆದವನು ಮೂರು ರಾತ್ರಿ ಆಟಕ್ಕೆ ಹೋದರೆ, ಹಿಂದೆ ಬಿದ್ದ ಸೀರೆಯನ್ನು ದೀಪದ ಬೆಳಕಿನಲ್ಲಿ ನೇಯ್ದು ಮುಗಿಸಬೇಕಿತ್ತು.

ಒಕ್ಕಲಿಗನ ಕಾಲಕ್ಕೆ ಬೇರೊಂದು ಕಟ್ಟುಪಾಡಿತ್ತು. ಸೋಮವಾರ ಎತ್ತಿನ ಹೆಗಲಿಗೆ ನೊಗವಿಡಬಾರದೆಂಬ ನೇಮ ಉತ್ತರ ಕರ್ನಾಟಕದಲ್ಲಿ ವ್ಯಾಪಕವಾಗಿದೆ. ಅಮಾವಾಸ್ಯೆಯಂದು ಬೇಸಾಯವನ್ನೂ ಮಗ್ಗವನ್ನೂ ನಿಲ್ಲಿಸುವ ರೂಢಿಯಿದೆ. ಜೋಳ ರಾಶಿಯಾದ ಮೇಲೆ ಮುಂಗಾರಿನವರೆಗೆ ಒಣಬೇಸಾಯದ ರೈತನಿಗೆ ಬಿಡುವು; ಜಾತ್ರೆಗಳೂ ಹೆಚ್ಚಾಗಿ ಆ ತಿಂಗಳುಗಳಲ್ಲೇ ಬರುತ್ತವೆ. ಧಾರ್ಮಿಕವಾಗಿ ತೋರುವ ಈ ನೇಮಗಳು ದುಡಿಮೆಗಾರನ ಬಿಡುವನ್ನು ರಕ್ಷಿಸುವ ಅಲಿಖಿತ ಕಾನೂನುಗಳೂ ಆಗಿದ್ದವು. ಬಿಡುವು ಎಲ್ಲರಿಗೂ ಒಂದೇ ದಿನ ಒದಗುತ್ತಿದ್ದುದರಿಂದಲೇ ಹತ್ತಾರು ಜನರ ಮೇಳ ತಾಲೀಮಿಗೆ ಕೂಡಲು ಸಾಧ್ಯವಾಯಿತು.

ಈ ಸಮತೋಲನದ ಇನ್ನೊಂದು ಆಧಾರ ಮನೆಯ ಹೆಣ್ಣುಮಕ್ಕಳ ದುಡಿಮೆ. ನೂಲು ಬಿಡಿಸುವುದು, ಕಂಡಿಕೆ ಸುತ್ತುವುದು, ಹಾಸು ಸಿದ್ಧಪಡಿಸುವಲ್ಲಿ ನೆರವಾಗುವುದು ಅವರ ಪಾಲಿಗೆ ಬಂದ ಕೆಲಸ. ಗಂಡಸು ಸತ್ಯಭಾಮೆಯ ವೇಷದಲ್ಲಿ ಮುನಿಸಿಕೊಂಡು ಕುಳಿತ ರಾತ್ರಿ, ಅವನ ಮಗ್ಗಕ್ಕೆ ಮರುದಿನ ಬೇಕಾದ ಕಂಡಿಕೆಗಳನ್ನು ಸುತ್ತುತ್ತಿದ್ದವಳು ಮನೆಯಾಕೆ. ಆಟದ ಕೀರ್ತಿಯಲ್ಲಿ ಆಕೆಗೆ ಪಾಲು ಸಿಕ್ಕಿದ್ದು ವಿರಳ. ಕಲಾವಿದರ ಚರಿತ್ರೆಯನ್ನು ರಚಿಸುವಾಗ ಈ ಅದೃಶ್ಯ ದುಡಿಮೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಚಿತ್ರ ಅಪೂರ್ಣವಾಗುತ್ತದೆ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಕಾಲವ್ಯವಸ್ಥೆ ಮೂರು ದಿಕ್ಕುಗಳಿಂದ ಸಡಿಲವಾಯಿತು. ಮೊದಲನೆಯದು ವಿದ್ಯುತ್ ಮಗ್ಗ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆ ಮೀಸಲಿಡುವ ಕೇಂದ್ರ ಕಾಯಿದೆ 1985ರಲ್ಲಿ ಬಂದರೂ ರಬಕವಿ–ಬನಹಟ್ಟಿಯ ಓಣಿಗಳಲ್ಲಿ ವಿದ್ಯುತ್ ಮಗ್ಗದ ಸದ್ದೇ ಮೇಲಾಯಿತು. ಆ ಸದ್ದಿನಲ್ಲಿ ಹಾಡು ಕೇಳಿಸದು. ಪಾಳಿಯ ದುಡಿಮೆಯಲ್ಲಿ ಇರುಳೂ ಹಗಲಿನಂತೆಯೇ ಕೆಲಸದ ಹೊತ್ತು. ಎರಡನೆಯದು ನೀರಾವರಿ ಮತ್ತು ಕಬ್ಬು. ಕಬ್ಬು ಕಡಿಯುವ, ಕಾರ್ಖಾನೆಗೆ ಸಾಗಿಸುವ ಹಂಗಾಮು ಹಳೆಯ ಸುಗ್ಗಿಯ ಬಿಡುವನ್ನು ನುಂಗಿತು. ಆದಾಯ ಹೆಚ್ಚಿದ ಕಡೆಯೂ ಬಿಡುವು ಕಡಿಮೆಯಾಯಿತು. ಮೂರನೆಯದು ಮುಳುಗಡೆ. ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ಬೀಳಗಿ ತಾಲೂಕಿನ ಹಲವು ಗ್ರಾಮಗಳು ಎತ್ತಂಗಡಿಯಾದವು. ಪುನರ್ವಸತಿ ಕೇಂದ್ರದಲ್ಲಿ ಮನೆ ಸಿಕ್ಕಬಹುದು. ತಾಲೀಮಿಗೆ ಕೂಡುತ್ತಿದ್ದ ಗುಡಿಯ ಕಟ್ಟೆ, ಅಕ್ಕಪಕ್ಕದಲ್ಲಿದ್ದ ಹಿಮ್ಮೇಳದವರ ನೆರೆ ಹಾಗೆಯೇ ಸಿಗುವುದಿಲ್ಲ.

ಕಲೆ ಇದಕ್ಕೆ ತಕ್ಕಂತೆ ತನ್ನನ್ನು ಬದಲಿಸಿಕೊಂಡಿತು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿ ಜನಪದ ಹಾಡುಗಳನ್ನು ನಿಮಿಷಗಳ ಅಳತೆಗೆ ಒಗ್ಗಿಸಿತು. ಉತ್ಸವಗಳ ವೇದಿಕೆ ಬೆಳ್ಳಬೆಳಗಿನ ಪಾರಿಜಾತವನ್ನು ಎರಡು ಮೂರು ಗಂಟೆಗಳಿಗೆ ಇಳಿಸಿತು. ಇದನ್ನು ಕಲೆಯ ಅವನತಿ ಎಂದು ಮಾತ್ರ ಭಾವಿಸುವುದು ಸರಿಯಲ್ಲ. ಮರುದಿನ ಪಾಳಿಗೆ ಹೋಗಬೇಕಾದವನಿಗೆ ಸಂಕ್ಷಿಪ್ತ ಆಟವೇ ಕಲೆಯನ್ನು ಉಳಿಸಿಕೊಳ್ಳುವ ದಾರಿಯೂ ಆಗಿದೆ. ಆದರೆ ಭಾಗವತ–ದೂತಿಯರ ಸಮಯಸ್ಫೂರ್ತಿಯ ಸಂವಾದ ಬೆಳೆಯಲು ಬೇಕಾದ ವ್ಯವಧಾನ ಅದರಲ್ಲಿಲ್ಲ.

ಇಲ್ಲಿ ಸಂಸ್ಥೆಗಳ ಹೊಣೆ ಎದುರಾಗುತ್ತದೆ. 2017ರಲ್ಲಿ ಬಯಲಾಟಕ್ಕೆ ಪ್ರತ್ಯೇಕ ಅಕಾಡೆಮಿ ರೂಪುಗೊಂಡು ಬಾಗಲಕೋಟೆ ಅದರ ಕೇಂದ್ರವಾದುದು ಈ ಸೀಮೆಗೆ ಸಂದ ಮನ್ನಣೆ. ಆದರೆ ಸಂಭಾವನೆಯು ಪ್ರದರ್ಶನದ ರಾತ್ರಿಯನ್ನು ಮಾತ್ರ ಎಣಿಸಿದರೆ ತಾಲೀಮಿನ ರಾತ್ರಿಗಳು ಲೆಕ್ಕದಿಂದ ಹೊರಗುಳಿಯುತ್ತವೆ. ನೇಕಾರನಿಗೆ ತಾಲೀಮು ಎಂದರೆ ನೇಯದೆ ಉಳಿದ ಸೀರೆ. ಕೃಷಿ ಕೂಲಿಗೆ ಅದು ಕಳೆದುಕೊಂಡ ದಿನಗೂಲಿ. ತರಬೇತಿ ಶಿಬಿರಗಳನ್ನು ಮಗ್ಗ ಮತ್ತು ಹೊಲಗಳಿಗೆ ಬಿಡುವಿರುವ ದಿನಗಳಲ್ಲಿ ನಡೆಸುವುದು, ಕಳೆದ ಕೂಲಿಯನ್ನು ತುಂಬಿಕೊಡುವುದು ಅಸಾಧ್ಯವಾದ ಕಾರ್ಯಗಳಲ್ಲ. ‘ಹವ್ಯಾಸಿ’ ಎಂಬ ಪದವನ್ನು ಇಂತಹ ಕಲಾವಿದರಿಗೆ ಅನ್ವಯಿಸುವಾಗಲೂ ಎಚ್ಚರ ಅಗತ್ಯ. ಹವ್ಯಾಸಕ್ಕೆ ಬಿಡುವು ಮೊದಲೇ ಇರುತ್ತದೆ. ಇವರು ಬಿಡುವನ್ನು ದುಡಿದು ಪಡೆದವರು.

ಹಿಂದೆ ಊರು ತನ್ನ ಅಮಾವಾಸ್ಯೆ, ಸೋಮವಾರ, ಸುಗ್ಗಿಗಳ ಮೂಲಕ ಕಲಾವಿದನಿಗೆ ವೇಳೆಯನ್ನು ಕಾಯ್ದಿಡುತ್ತಿತ್ತು. ಆ ಹೊಣೆಯನ್ನು ಯಾರೂ ವಹಿಸಿಕೊಳ್ಳದಿದ್ದರೆ ಪಾರಿಜಾತದ ಪಠ್ಯ ಗ್ರಂಥಾಲಯದಲ್ಲಿ ಉಳಿದೀತು, ಧ್ವನಿಮುದ್ರಣವೂ ಉಳಿದೀತು. ಅದನ್ನು ಆಡಬಲ್ಲವನು ಮಾತ್ರ ಎರಡನೆಯ ಪಾಳಿಯಲ್ಲಿ ಮಗ್ಗದ ಮುಂದೆ ನಿಂತಿರುತ್ತಾನೆ.